ಬೀರಪ್ಪನ ಪಾಲಿನ ಮನೆ

ಅಮಸಿದ್ದಪ್ಪ ತೀರಿಕೊಂಡ ಸುದ್ದಿ ಬಂದಾಗ ಸೋಮಲಿಂಗ ಕಾಲೇಜಿನ ಕಂಪ್ಯೂಟರ್ ಪ್ರಯೋಗಶಾಲೆಯಲ್ಲಿ ಮೂರನೆಯ ಯಂತ್ರದ ಮುಂದೆ ಕೂತು ಪ್ರೋಗ್ರಾಮಿನ ತಪ್ಪೊಂದನ್ನು ಹುಡುಕುತ್ತಿದ್ದ. ಎರಡು ಸಾವಿರದ ಒಂದನೆಯ ಇಸವಿಯ ಆಷಾಢ, ಗುರುವಾರ, ಬೆಳಗಿನ ಹತ್ತು ಗಂಟೆ. ಬಾಗಲಕೋಟೆಯ ನವನಗರದ ಗಾಳಿ ಕಿಟಕಿಗಳನ್ನು ಬಡಿಯುತ್ತಿತ್ತು. ಪ್ರಯೋಗಶಾಲೆ ನೋಡಿಕೊಳ್ಳುವ ಮುರ್ತುಜಸಾಬ ಒಳಗೆ ಬಂದು, ಬಾಗಿಲ ಬಳಿಯೇ ನಿಂತ.

"ಸರ, ಹುನಗುಂದದಿಂದ ಫೋನ್ ಬಂದಿತ್ರಿ. ಅಮಸಿದ್ದಪ್ಪ ಸರ ಹ್ವಾದ್ರಂತ."

"ಎಲ್ಲಿಗಿ?"

ಮುರ್ತುಜಸಾಬ ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ನಿಧಾನವಾಗಿ, "ಮುಂಜಾನಿ ಎದ್ದು ಎದಿ ಹಿಡಕೊಂಡ್ ಕುಂತ್ರಂತ್ರಿ. ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತಂತ" ಎಂದ.

ಆ ಕ್ಷಣದಲ್ಲಿ ಸೋಮಲಿಂಗನ ಮನಸ್ಸಿನಲ್ಲಿ ಮೊದಲು ಎದ್ದದ್ದು ದುಃಖವಲ್ಲ. 'ಇನ್ನು ಈ ತಪ್ಪನ್ನು ಅವನು ನನಗಿಂತ ಮೊದಲು ಹಿಡಿಯುವ ಹಾಗಿಲ್ಲ' ಎಂಬ ಮಾತು ಎದ್ದಿತು. ಅದು ಎದ್ದದ್ದು ಅವನಿಗೆ ತಿಳಿಯಿತು. ದೇವರ ಮುಂದೆ ಮುಚ್ಚಿಡಲಾಗದ ಮಾತುಗಳು ಕೆಲವು ಇರುತ್ತವೆ; ಅದು ಅಂಥದು.

ಇಬ್ಬರೂ ಒಂದೇ ವರ್ಷ, ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಸೋಮಲಿಂಗ ಇಳಕಲ್ಲಿನ ನೇಕಾರರ ಮನೆಯವನು. ಅಮಸಿದ್ದಪ್ಪ ಹುನಗುಂದದ ಕುರಿ ಸಾಕುವವರ ಮನೆಯವನು. ಈಗ ನಲವತ್ತೆಂಟರ ವಯಸ್ಸಿನಲ್ಲಿ ಇಬ್ಬರೂ ಒಂದೇ ಕಾಲೇಜಿನ ಮಾಸ್ತರರು. ಮೂರು ವರ್ಷದಿಂದ ಇಬ್ಬರೂ ಕೂಡಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ಒಂದು ಪುಟ್ಟ ಕರ್ನಲ್ ಬರೆಯುತ್ತಿದ್ದರು. ಯಂತ್ರ ಎದ್ದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವುದು, ಉಳಿದ ಪ್ರೋಗ್ರಾಮುಗಳಿಗೆ ನೆನಪಿನ ಜಾಗ ಹಂಚಿಕೊಡುವುದು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡದಂತೆ ಕಾಯುವುದು ಕರ್ನಲ್ಲಿನ ಕೆಲಸ. ಹಂಚಿದ ಜಾಗದ ಲೆಕ್ಕವಿರುವ ಪಟ್ಟಿಗೆ ಪೇಜ್ ಟೇಬಲ್ ಎನ್ನುತ್ತಾರೆ; ಅದರ ಒಂದೊಂದು ಖಾನೆಗೆ ಇವರಿಬ್ಬರೂ ಮನೆ ಎನ್ನುತ್ತಿದ್ದರು.

ಈ ಪೇಜ್ ಟೇಬಲನ್ನು ಸೋಮಲಿಂಗ ಹನ್ನೊಂದು ವರ್ಷ ಕಲಿಸಿದ್ದ. ಬೋರ್ಡಿನ ಮೇಲೆ ಸ್ಕೇಲು ಹಿಡಿದು ಎಳೆದ ಗೆರೆಗಳು, ಅಂಕಿಗಳು, ಬಾಣಗಳು. ಒಂದು ಅಕ್ಷರ ಅಳಿಸಿ ಬರೆದದ್ದಿಲ್ಲ. ಹುಡುಗರು ಬರೆದುಕೊಂಡು ಸುಮ್ಮನೆ ಹೋಗುತ್ತಿದ್ದರು. ಒಮ್ಮೆ ಅವನಿಗೆ ಜ್ವರ ಬಂದಾಗ ಅಮಸಿದ್ದಪ್ಪ ಆ ಪಾಠ ಮಾಡಿದ. ಬರಿಗೈಯಲ್ಲಿ ಒಳಗೆ ಹೋದವನು ಮುಂದಿನ ಬೆಂಚಿನ ಒಬ್ಬಳನ್ನು ಕೇಳಿದನಂತೆ:

"ಹಳೇ ಊರಾಗ ನಿಮ್ಮ ಮನಿ ಎಲ್ಲಿತ್ತವಾ?"

"ಕಿಲ್ಲಾದಾಗ್ರಿ ಸರ."

"ಈಗೆಲ್ಲಿ?"

"ನವನಗರದಾಗ್ರಿ. ಸೆಕ್ಟರ್ ನಂಬರು, ಪ್ಲಾಟ್ ನಂಬರು ಕೊಟ್ಟಾರ್ರಿ."

"ನಿಮ್ಮಜ್ಜಿ ಯಾವ ವಿಳಾಸ ಹೇಳ್ತಾಳ?"

"ಕಿಲ್ಲಾನ ಹೇಳ್ತಾಳ್ರಿ. ಅದು ಡ್ಯಾಮಿನ ನೀರಾಗ ಹೋದ್ರೂ ಬಿಡವಲ್ಲಳ್ರಿ."

"ಹೇಳ್ಲಿ ಬಿಡು. ಹಳೇ ವಿಳಾಸ ಕೊಟ್ರ ಮೊದಲ ಯಾವ ಸೆಕ್ಟರು, ಆಮ್ಯಾಲ ಅದ್ರಾಗ ಯಾವ ಪ್ಲಾಟು ಅಂತ ತೋರ್ಸೂ ಪಟ್ಟಿ ಒಂದಿದ್ರ ಆತಲ್ಲ? ಅದ ಪೇಜ್ ಟೇಬಲ್. ಪ್ರೋಗ್ರಾಮು ನಿಮ್ಮಜ್ಜಿ ಇದ್ದಂಗ, ಹಳೇ ವಿಳಾಸ ಬಿಡೂದಿಲ್ಲ."

ತರಗತಿಯೆಲ್ಲ ನಕ್ಕಿತಂತೆ. ಆ ವರ್ಷ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಉತ್ತರ ತಪ್ಪಿದವರೇ ಇಲ್ಲ. ಜ್ವರ ಬಿಟ್ಟು ಬಂದ ಸೋಮಲಿಂಗನಿಗೆ ಮುರ್ತುಜಸಾಬನೇ ಇದನ್ನು ಸಂತೋಷದಿಂದ ಹೇಳಿದ್ದ. ಕೇಳಿದ ದಿನದಿಂದ ಅವನ ಎದೆಯಲ್ಲಿ ಒಂದು ಮುಳ್ಳು ಸೇರಿಕೊಂಡಿತ್ತು. ಅವನ ಅಕ್ಷರ ಚಂದ, ಅವನ ಕೆಲಸ ಅಚ್ಚುಕಟ್ಟು. ಆದರೂ ಹುಡುಗರು ಅನುಮಾನ ಹಿಡಿದು ಹೋಗುತ್ತಿದ್ದದ್ದು ಅಮಸಿದ್ದಪ್ಪನ ಮೇಜಿಗೆ. ಕ್ಯಾಂಟೀನಿನವನು ಮೊದಲ ಚಹಾ ಇಡುತ್ತಿದ್ದದ್ದು ಅವನ ಮುಂದೆ. ಬೇರೆ ಕಾಲೇಜುಗಳ ಮಾಸ್ತರರಿಗೆ ಈ ಕರ್ನಲ್ ತೋರಿಸಲು ಒಂದು ಶನಿವಾರ ಗೊತ್ತಾದಾಗ, ಪ್ರಾಂಶುಪಾಲರು ಒಂದು ಮಾತೂ ಕೇಳದೆ, "ಅಮಸಿದ್ದಪ್ಪ ತೋರಿಸ್ಲಿ" ಎಂದಿದ್ದರು.

ಆ ಶನಿವಾರಕ್ಕೆ ಮೂರು ವಾರ ಇರುವಾಗ ಕರ್ನಲ್ ಬೀಳತೊಡಗಿತು. ಸಣ್ಣ ಪ್ರೋಗ್ರಾಮುಗಳು ಸರಿಯಾಗಿ ನಡೆಯುತ್ತಿದ್ದವು. ನಾಲ್ಕು ಮೆಗಾಬೈಟಿಗಿಂತ ತುಸು ದೊಡ್ಡದೊಂದು ನಡೆದು ಮುಗಿಯಿತೆಂದರೆ ಇಡೀ ಯಂತ್ರ ಗಕ್ಕನೆ ನಿಲ್ಲುತ್ತಿತ್ತು. ಪಟ್ಟಿಯಲ್ಲಿ ಜಾಗ ಬರೆದುಕೊಡುವ ಭಾಗ ಅಮಸಿದ್ದಪ್ಪನದು. ಪ್ರೋಗ್ರಾಮು ಮುಗಿದಮೇಲೆ ಆ ಜಾಗ ಅಳಿಸಿ ವಾಪಸು ಪಡೆಯುವ ಭಾಗ ಸೋಮಲಿಂಗನದು. ತಪ್ಪು ಯಾರದು? ನಿಲ್ಲುವ ಸಾಲು ಹುಡುಕಿದಾಗ ಅದು ಅಮಸಿದ್ದಪ್ಪನ ಸಾಲಾಗಿತ್ತು. ಸೋಮಲಿಂಗನಿಗೆ ಹಬ್ಬದ ಊಟ ಉಂಡಷ್ಟು ತೃಪ್ತಿಯಾಯಿತು.

"ಲೇ ಅಮಸಿದ್ಯಾ, ಪ್ರತಿ ಪಟ್ಟಿಯಾಗೂ ಮೊದಲನೇ ಮನಿ ಯಾಕ ಖಾಲಿ ಬಿಟ್ಟೀದಿ? ಅದರಾಗ ಎಂಥದೋ ಗುರುತು ಬ್ಯಾರೆ ಹಾಕೀದಿ."

"ಅದು ಬೀರಪ್ಪನ ಪಾಲೋ ಸೋಮಣ್ಣ."

"ಚೇಷ್ಟಿ ಸಾಕು."

"ಚೇಷ್ಟಿ ಅಲ್ಲ, ಖರೇನ ಹೇಳ್ತೇನಿ. ನಮ್ಮನಿಯಾಗ ಹಿಂಡಿನ ಮೊದಲನೇ ಕುರಿ ಮನಿದೇವರು ಬೀರಪ್ಪಂದು. ಎಣಸೂದಿಲ್ಲ, ಮಾರೂದಿಲ್ಲ. ಹಣಿಗೆ ಅರಿಶಿಣ ಭಂಡಾರದ ಬೊಟ್ಟು. ಸಂಜಿಗೆ ದೊಡ್ಡಿಗೆ ಬಂದ ಕೂಡ್ಲೆ ನಮ್ಮಪ್ಪ ಮೊದಲ ಅದನ್ನ ನೋಡ್ತಿದ್ದ. ಬೊಟ್ಟು ಅಳಿಸಿತ್ತಂದ್ರ ಬ್ಯಾರೆಯವರ ಹಿಂಡು ಬಂದು ನಮ್ಮದ್ರಾಗ ತಿಕ್ಕ್ಯಾಡೇತಿ ಅಂತ ಅರ್ಥ. ಅಲ್ಲೇ ನಿಂತು ಪೂರಾ ಹಿಂಡು ನೋಡ್ತಿದ್ದ. ಇದೂ ಹಂಗ…"

ಮುಂದಿನದನ್ನು ಸೋಮಲಿಂಗ ಕೇಳಲಿಲ್ಲ. ಎದ್ದು ಸ್ಟಾಫ್ ರೂಮಿಗೆ ಹೋಗಿ, "ನಮ್ಮ ಕರ್ನಲ್ಲಿನಾಗ ದೇವರ ಕುರಿ ಮೇಯಾಕ ಹತ್ತೇತಂತ್ರಿ, ಅದಕ್ಕ ಯಂತ್ರ ನಿಲ್ಲತೈತಿ" ಎಂದ. ಎಲ್ಲರೂ ನಕ್ಕರು. ಹಿಂದೆಯೇ ಬಂದ ಅಮಸಿದ್ದಪ್ಪನೂ ನಕ್ಕ, ಆದರೆ ಆ ದಿನ ಚಹಾ ಕುಡಿಯದೆ ಹೊರಟುಹೋದ. ಅದು ಬುಧವಾರ. ಮರುದಿನ ಮುಂಜಾನೆ ಅವನು ಇರಲಿಲ್ಲ.

ಮಣ್ಣಿಗೆಂದು ಕಾಲೇಜಿನವರೆಲ್ಲ ಬಸ್ಸು ಹಿಡಿದು ಹುನಗುಂದಕ್ಕೆ ಹೋದರು. ಅಲ್ಲಿಯೂ ಸೋಮಲಿಂಗನ ಕಿವಿ ಜನರ ಮಾತಿನ ಮೇಲೆಯೇ ಇತ್ತು. "ಅಂಥಾ ತಲಿ ಈ ಜಿಲ್ಲಾದಾಗ ಇನ್ನೊಂದಿಲ್ಲ" ಎಂದರು ಪ್ರಾಂಶುಪಾಲರು. ಹಳೆಯ ವಿದ್ಯಾರ್ಥಿಗಳು ಕೆರೂರಿನಿಂದ, ಬಾದಾಮಿಯಿಂದ ಬಂದಿದ್ದರು. ಗಂಡಸರು ವಸ್ತ್ರದಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನು ಹೋದಾಗ ಎಷ್ಟು ಮಂದಿ ಬಂದಾರು ಎಂದು ಅವನು ಗೆಳೆಯನ ಕುಣಿಯ ಮುಂದೆ ನಿಂತು ಲೆಕ್ಕ ಹಾಕಿದ. ಮೂರು ಹಿಡಿ ಮಣ್ಣು ಹಾಕಬೇಕಾದವನು ಎರಡು ಹಾಕಿ ಹಿಂದೆ ಸರಿದ.

ಐದನೆಯ ದಿನ ಮಾತಾಡಿಸಲೆಂದು ಮತ್ತೆ ಹೋದಾಗ ಅಮಸಿದ್ದಪ್ಪನ ಹೆಂಡತಿ ರಂಗವ್ವ ಒಳಗಿನಿಂದ ಒಂದು ಲಕೋಟೆ ತಂದಳು. ಅದರ ಮೇಲೆ ಪೆನ್ಸಿಲಿನಲ್ಲಿ 'ಸೋಮಣ್ಣಗ' ಎಂದಿತ್ತು.

"ಬುಧವಾರ ಮನಿಗೆ ಬಂದಾವ್ರು ಇದನ್ನ ಮುಂದಿಟಗೊಂಡು ಕುಂತಿದ್ರು, ಅಣ್ಣಾರ. ಊಟಕ್ಕ ಕರದ್ರ 'ತಡಿ, ಸೋಮಣ್ಣಗ ಒಂದ್ ಮಾತು ಬರೀಬೇಕು' ಅಂದ್ರು. ನಿಮ್ಮ ಹೆಸರು ಭಾಳ ತಗೋತಿದ್ರು."

"ಏನಂತಿದ್ನವಾ?"

"ಸೋಮಣ್ಣನ ಕೈಯಾಗ ಕೆಲಸ ಅಂದ್ರ ಇಳಕಲ್ ಸೀರಿ ಇದ್ದಂಗ, ಹಿಂದ ಮುಂದ ಎಲ್ಲಿ ನೋಡಿದ್ರೂ ಒಂದ ಗಂಟು ಸಿಗೂದಿಲ್ಲ ಅಂತಿದ್ರು."

ಅದನ್ನು ಅವನು ನಂಬಲಿಲ್ಲ. ಹೊಗಳಿಕೆಯಲ್ಲೂ ತನಗೊಂದು ಕುಟುಕು ಇದ್ದೀತೆಂದು ಹುಡುಕಿದ. ಲಕೋಟೆಯನ್ನು ತಂದು ಮನೆಯಲ್ಲಿ ಬನಶಂಕರಿಯ ಪಟದ ಹಿಂದೆ ಸಿಕ್ಕಿಸಿಟ್ಟ. ತೆರೆದರೆ ಅದರಲ್ಲಿ ಉತ್ತರ ಇರುತ್ತದೆ. ಆಗ ತಪ್ಪು ಹಿಡಿದವನು ಅಮಸಿದ್ದಪ್ಪನೇ ಆಗುತ್ತಾನೆ, ಸತ್ತ ಮೇಲೆಯೂ.

ಅವನ ಹೆಂಡತಿ ರತ್ನವ್ವ ದೀಪ ಹಚ್ಚುವಾಗ ಮೂರು ದಿನ ಆ ಲಕೋಟೆ ನೋಡಿದಳು. ನಾಲ್ಕನೆಯ ದಿನ ಕೇಳಿದಳು.

"ಪತ್ರ ಬರದಾವ್ರು ಹೋಗ್ಯಾರ. ಓದಾವ್ರು ಕುಂತಾರ. ಇದೆಂಥಾ ನೇಮರಿ?"

"ನಾನ ಹುಡುಕಬೇಕು. ಆಮ್ಯಾಲ ಓದ್ತೇನಿ."

"ಮಣ್ಣಾಗ ಮಲಗಿದಾವ್ರ ಜೋಡಿ ಏನ್ ಓಟಾ ಹಚ್ಚೀರಿ? ಅವರು ನಿಂತಾರ. ನೀವೊಬ್ಬರ ಓಡಾಕತ್ತೀರಿ."

ಅವನು ಅಂಗಿ ತೊಟ್ಟುಕೊಂಡು ಕಾಲೇಜಿಗೆ ಹೋದ. ಆ ದಿನ ಶುಕ್ರವಾರ. ಮರುದಿನವೇ ಬೇರೆ ಕಾಲೇಜಿನವರು ಬರುವ ಶನಿವಾರ. ತೋರಿಸುವ ಕೆಲಸ ಈಗ ಅವನಿಗೇ ಬಂದಿತ್ತು. ಎಷ್ಟು ವರ್ಷ ಬಯಸಿದ್ದನೋ ಅದು ಬಂದಿತ್ತು, ಆದರೆ ಯಂತ್ರ ಇನ್ನೂ ನಿಲ್ಲುತ್ತಿತ್ತು. ಕೊನೆಗೆ ಅವನು ಮೊದಲಿನಿಂದ ಮನಸ್ಸಿನಲ್ಲಿದ್ದ ಕೆಲಸವನ್ನೇ ಮಾಡಿದ. ಮೊದಲ ಮನೆಯ ಗುರುತು ಇದೆಯೋ ಇಲ್ಲವೋ ಎಂದು ನೋಡಿ, ಇಲ್ಲದಿದ್ದರೆ ಯಂತ್ರವನ್ನು ನಿಲ್ಲಿಸುವ ಅಮಸಿದ್ದಪ್ಪನ ನಾಲ್ಕು ಸಾಲುಗಳನ್ನು ಅಳಿಸಿಹಾಕಿದ.

ದೊಡ್ಡ ಪ್ರೋಗ್ರಾಮು ನಡೆಯಿತು, ಮುಗಿಯಿತು. ಯಂತ್ರ ನಿಲ್ಲಲಿಲ್ಲ. ಹತ್ತು ಸಲ ನಡೆಸಿದ, ಹತ್ತೂ ಸಲ ನಿಲ್ಲಲಿಲ್ಲ. ಪ್ರಾಂಶುಪಾಲರನ್ನು ಕರೆದು ತೋರಿಸಿದ. ಅವರು ಅವನ ಬೆನ್ನ ಮೇಲೆ ಕೈಯಿಟ್ಟು, "ಕಡೀಕೂ ನಿಮ್ಮ ಕೈಯಿಂದನ ಆತು ನೋಡ್ರಿ" ಎಂದರು. ಆ ಮಾತನ್ನು ಅವನು ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ ಬಹಳ ಹೊತ್ತು ಇಟ್ಟುಕೊಂಡ.

ಮಧ್ಯಾಹ್ನ ಮುರ್ತುಜಸಾಬ ಕಸ ಗುಡಿಸುತ್ತ ಬಂದು ಪರದೆಯ ಕಡೆ ನೋಡಿದ.

"ಸರ, ಆ ಕುರಿ ಹೆಸರಿಂದು ಹಚ್ಚರಲ್ಲ ಒಮ್ಮೆ. ಅಮಸಿದ್ದಪ್ಪ ಸರ ದಿನಾ ಹಚ್ತಿದ್ರು."

ಅದು ಅಮಸಿದ್ದಪ್ಪ ಪರೀಕ್ಷೆಗೆಂದು ಬರೆದ ಪುಟ್ಟ ಪ್ರೋಗ್ರಾಮು. ಅವನ ಅಪ್ಪನ ಹಿಂಡಿನ ಹದಿನಾಲ್ಕು ಕುರಿಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಕೆಳಗೊಂದು ತೋರಿಸುತ್ತಿತ್ತು: ಕರಿಕಾಲಿ, ಚುಕ್ಕಿ, ಮೋಟಕಿವಿ, ಕೆಂಚಿ… ಮುಗಿದ ಮೇಲೆ ಮತ್ತೆ ಮೊದಲಿನಿಂದ. ಸೋಮಲಿಂಗನಿಗೂ ಅದನ್ನು ಕಂಡರೆ ಒಳಗೊಳಗೇ ಇಷ್ಟ, ಹೇಳಿಕೊಂಡಿರಲಿಲ್ಲ. ದೊಡ್ಡ ಪ್ರೋಗ್ರಾಮು ನಡೆಯುತ್ತಿರುವಾಗಲೇ ಅದನ್ನೂ ಹಚ್ಚಿದ. ಕುರಿಗಳು ಬಂದವು. ಅಷ್ಟರಲ್ಲಿ ದೊಡ್ಡದು ಮುಗಿಯಿತು. ಪರದೆಯ ಮೇಲೆ ಒಂದರಿಂದ ಹದಿನಾಲ್ಕರವರೆಗೆ ಅಂಕಿಗಳು ಮಾತ್ರ ಉಳಿದವು. ಒಂದರ ಮುಂದೂ ಹೆಸರಿರಲಿಲ್ಲ.

"ಕುರಿ ಎಲ್ಲಿ ಹ್ವಾದುವ್ರಿ ಸರ?" ಎಂದ ಮುರ್ತುಜಸಾಬ.

ಸೋಮಲಿಂಗ ಮತ್ತೊಮ್ಮೆ ನಡೆಸಿದ. ಮತ್ತೆ ಹಾಗೆಯೇ. ಯಂತ್ರ ವಾಸಿಯಾಗಿರಲಿಲ್ಲ, ಸುಮ್ಮನಾಗಿತ್ತು ಅಷ್ಟೆ. ನಾಳೆ ಕುರಿಗಳನ್ನು ಹಚ್ಚದೆ ದೊಡ್ಡದನ್ನೊಂದೇ ತೋರಿಸಿದರೆ ಬಂದವರಾರಿಗೂ ತಿಳಿಯುವುದಿಲ್ಲ. ಪ್ರಾಂಶುಪಾಲರು ಹೊಗಳಿಯೂ ಆಗಿದೆ. ಮುರ್ತುಜಸಾಬನಿಗೆ, "ಅದು ಹಳೇದಾಗೇತಿ" ಎಂದರೆ ಆಯಿತು. ಆ ಮಾತು ನಾಲಗೆಯ ತುದಿಗೂ ಬಂತು. ಆದರೆ ಆ ಮನುಷ್ಯ ಪೊರಕೆ ಹಿಡಿದು, ಖಾಲಿ ಸಾಲುಗಳನ್ನು ಮನೆಯ ಹಟ್ಟಿ ಬರಿದಾದವನ ಹಾಗೆ ನೋಡುತ್ತ ನಿಂತಿದ್ದ. ಸೋಮಲಿಂಗ ಎದ್ದು ಮನೆಗೆ ಹೋದ.

ಬನಶಂಕರಿಯ ಪಟದ ಹಿಂದಿನಿಂದ ಲಕೋಟೆ ತೆಗೆದಾಗ ರತ್ನವ್ವ ಅಡಿಗೆಮನೆಗೆ ಹೋದಳು. ಒಳಗೆ ಕರ್ನಲ್ಲಿನ ಎರಡು ಹಾಳೆಗಳ ಪ್ರಿಂಟು ಇತ್ತು. ಅವನು ಇಂದು ಅಳಿಸಿದ್ದ ಅದೇ ನಾಲ್ಕು ಸಾಲುಗಳ ಸುತ್ತ ಪೆನ್ಸಿಲಿನ ಗೆರೆ. ಕೆಳಗೆ ಅಮಸಿದ್ದಪ್ಪನ ಸೊಟ್ಟ ಅಕ್ಷರಗಳು:

'ಸೋಮಣ್ಣ, ಇದನ್ನ ತಗೀಬ್ಯಾಡ. ಇದು ಬೊಗಳೂ ನಾಯಿ, ಕಳ್ಳ ಅಲ್ಲ. ಯಾರೋ ಬ್ಯಾರೆಯವರ ಪಟ್ಟಿಗೆ ಕೈ ಹಾಕಿ ಬೊಟ್ಟು ಅಳಸಾಕತ್ತಾರ. ಕಳ್ಳ ಯಾರಂತ ನನಗ ತಿಳೀವಲ್ದು, ಮೂರು ದಿನ ಆತು ತಲಿ ಕೆಟ್ಟೇತಿ. ನಿನ್ನ ಕಣ್ಣು ಸೂಕ್ಷ್ಮ. ನೀನ ಹಿಡೀಬೇಕು. ಸಿಟ್ಟು ಬಿಡು.'

ಉತ್ತರ ಇರಲಿಲ್ಲ. ಅಮಸಿದ್ದಪ್ಪನಿಗೂ ತಿಳಿದಿರಲಿಲ್ಲ. ನಾಲ್ಕು ದಿನ ಸೋಮಲಿಂಗ ಯಾರ ಉತ್ತರಕ್ಕೆ ಹೆದರಿ ಈ ಕಾಗದ ಮುಟ್ಟಿರಲಿಲ್ಲವೋ, ಅವನು ಕೊನೆಯ ದಿನ ಕೈ ಚಾಚಿ ಕೇಳಿದ್ದು ಸಹಾಯವನ್ನು. ನಗೆಪಾಟಲು ಮಾಡಿದವನನ್ನೇ ಕೇಳಿದ್ದ. 'ಈ ದೊಡ್ಡತನದಲ್ಲೂ ಅವನೇ ನನಗಿಂತ ಮುಂದೆ' ಎಂದು ಹೊಟ್ಟೆಯುರಿ ಒಮ್ಮೆ ಭಗ್ಗೆಂದು ಎದ್ದಿತು. ಆಮೇಲೆ ಉರಿಯಲು ಏನೂ ಉಳಿಯದೆ ಕೂತಿತು.

ಸಂಜೆಯೊಳಗೆ ಕಾಲೇಜಿಗೆ ಮರಳಿ, ಅಳಿಸಿದ ನಾಲ್ಕು ಸಾಲುಗಳನ್ನು ಹಾಗೆಯೇ ಹಿಂದಕ್ಕೆ ಬರೆದ. ನಾಯಿ ಬೊಗಳಿತು, ಯಂತ್ರ ನಿಂತಿತು. ಈಗ ಅವನು ಬೊಗಳಿದವನನ್ನು ಬಿಟ್ಟು ಕಳ್ಳನನ್ನು ಹುಡುಕಿದ. ಬೊಟ್ಟು ಅಳಿಯುತ್ತಿದ್ದದ್ದು ದೊಡ್ಡ ಪ್ರೋಗ್ರಾಮು ಮುಗಿದು ಜಾಗ ಅಳಿಸುವಾಗ. ಜಾಗ ಅಳಿಸುವ ಭಾಗ ಯಾರದು? ತನ್ನದು. ಮೂರು ವರ್ಷದಲ್ಲಿ ತನ್ನ ಸಾಲುಗಳನ್ನು ಅವನು ಒಮ್ಮೆಯೂ ಅನುಮಾನದಿಂದ ಓದಿರಲಿಲ್ಲ. ಈಗ ಓದಿದ.

ಒಂದೊಂದು ಪಟ್ಟಿಯಲ್ಲಿ ಸಾವಿರದ ಇಪ್ಪತ್ತನಾಲ್ಕು ಮನೆಗಳು. ಒಂದು ಪಟ್ಟಿ ತುಂಬಿದರೆ ಎರಡನೆಯ ಪಟ್ಟಿ. ಅಲ್ಲಿ ಎಣಿಕೆ ಮತ್ತೆ ಮೊದಲಿನಿಂದ. ನವನಗರದಲ್ಲಿ ಒಂದು ಸೆಕ್ಟರ್ ಮುಗಿದು ಇನ್ನೊಂದು ಬಂದರೆ ಪ್ಲಾಟಿನ ಅಂಕಿ ಮತ್ತೆ ಒಂದರಿಂದ ಸುರುವಾದ ಹಾಗೆ. ಸೋಮಲಿಂಗ ಎರಡನೆಯ ಪಟ್ಟಿಯನ್ನು ಸರಿಯಾಗಿಯೇ ಹುಡುಕಿದ್ದ, ಆದರೆ ಅಲ್ಲಿ ಎಣಿಕೆಯನ್ನು ಮುರಿಯದೆ ಹಾಗೆಯೇ ಮುಂದುವರಿಸಿದ್ದ. ಸಾವಿರದ ಇಪ್ಪತ್ತನಾಲ್ಕೇ ಮನೆಗಳಿರುವ ಓಣಿಯಲ್ಲಿ ಅವನ ಅಂಕಿ ಓಣಿ ದಾಟಿ, ಪಕ್ಕದ ಓಣಿಯ ಮೊದಲ ಮನೆಯ ಬಾಗಿಲಿಗೆ ಹೋಗಿ ನಿಂತಿತ್ತು. ಆ ಪಕ್ಕದ ಓಣಿ ಕುರಿ ಪ್ರೋಗ್ರಾಮಿನ ಪಟ್ಟಿ. ಮೊದಲ ಮನೆ ಬೀರಪ್ಪನದು. ಅವನ ಸಾಲು ದೇವರ ಬೊಟ್ಟು ಅಳಿಸಿ, ಮುಂದೆ ಹೋಗಿ ಕುರಿಗಳ ಹೆಸರನ್ನೂ ಅಳಿಸುತ್ತಿತ್ತು.

ಅವನಿಗೆ ಇಳಕಲ್ಲಿನ ಮನೆಯ ಪಡಸಾಲೆ ನೆನಪಾಯಿತು. ಮಗ್ಗದ ಹಾಸಿನ ಎಳೆಗಳನ್ನು ಎಣಿಸುವಾಗ ಅಪ್ಪ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ. ಸೀರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಉಸಿರಿನ ಹಾಗೆ ಎಣಿಕೆ. ನಡುವೆ ಮುರಿದು ಒಂದರಿಂದ ಸುರು ಮಾಡಿದರೆ ಎಳೆ ತಪ್ಪುತ್ತದೆ ಎಂದು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದ. ಮಗ್ಗದ ಮುಂದೆ ಅದು ಸರಿ. ಅದೇ ಕೈ ಇಲ್ಲಿಯೂ ಎಣಿಸಿತ್ತು. ತನ್ನ ಅಚ್ಚುಕಟ್ಟೇ ತನ್ನ ತಪ್ಪಾಗಿತ್ತು.

ಅರ್ಧ ಸಾಲು ತಿದ್ದಿದರೆ ಸಾಕಾಯಿತು. ಓಣಿ ಮುಗಿದಲ್ಲಿ ಎಣಿಕೆಯೂ ಮುಗಿಯಬೇಕು, ಅಷ್ಟೆ. ಯಂತ್ರ ನಿಲ್ಲಲಿಲ್ಲ, ನಾಯಿ ಬೊಗಳಲಿಲ್ಲ. ದೊಡ್ಡದು ಮುಗಿದ ಮೇಲೂ ಕರಿಕಾಲಿ, ಚುಕ್ಕಿ, ಮೋಟಕಿವಿ, ಕೆಂಚಿ ಒಂದರ ಹಿಂದೊಂದು ಬರುತ್ತಲೇ ಇದ್ದವು. ಕಿಟಕಿ ಮುಚ್ಚಲು ಬಂದ ಮುರ್ತುಜಸಾಬ ನಿಂತು ಹದಿನಾಲ್ಕನ್ನೂ ಎಣಿಸಿದ. "ಬಂದ್ವು ಬಿಡ್ರಿ" ಎಂದ. ಸೋಮಲಿಂಗ ಮೇಜಿಗೆ ಹಣೆಯಿಟ್ಟು ಅತ್ತ. ಎಂಟು ದಿನದ ಹಿಂದೆ ಅಳಬೇಕಾಗಿದ್ದದ್ದು ಅಂದು ಬಂತು.

ಶನಿವಾರ ಬಂದವರ ಮುಂದೆ ಅವನು ಕುರಿಗಳನ್ನೇ ಮೊದಲು ತೋರಿಸಿದ. ಯಂತ್ರ ಯಾಕೆ ನಿಲ್ಲುತ್ತಿತ್ತು ಎಂದು ಯಾರೋ ಕೇಳಿದರು. "ತಪ್ಪು ನನ್ನದಿತ್ರಿ. ಹಿಡದದ್ದು ಅಮಸಿದ್ದಪ್ಪನ ನಾಕು ಸಾಲು. ನಾ ಅವನ್ನ ನೋಡಿ ನಕ್ಕಿದ್ದೆ, ಈ ಸ್ಟಾಫ್ ರೂಮಿನವರನ್ನೂ ನಗಿಸಿದ್ದೆ" ಎಂದ. ಪ್ರಾಂಶುಪಾಲರು ನೆಲ ನೋಡಿದರು. ಕರ್ನಲ್ಲಿನ ತಿದ್ದುಪಡಿಗಳ ಪಟ್ಟಿಯಲ್ಲಿಯೂ ಅವನು ಹಾಗೆಯೇ ಬರೆದಿಟ್ಟ, ಈಗಲೂ ಅಲ್ಲಿದೆ.

ಭಾನುವಾರ ರತ್ನವ್ವನೊಡನೆ ಹುನಗುಂದಕ್ಕೆ ಹೋದ. ರಂಗವ್ವನಿಗೆ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರಿಗೆ ನೀವು ಎರಡ ಹಿಡಿ ಮಣ್ಣ ಹಾಕಿದ್ರಿ, ಅಣ್ಣಾರ. ನಾ ನೋಡಿದ್ದೆ" ಎಂದಳು. ಅವಳೇ ಅವರಿಬ್ಬರನ್ನು ಕರೆದುಕೊಂಡು ಹೊಲದ ಬದಿಯ ಗೋರಿಗೆ ಹೋದಳು. ಅಲ್ಲಿ ಅವನು ಮೂರನೆಯ ಹಿಡಿ ಮಣ್ಣು ಹಾಕಿದ. ಆಮೇಲೆ ಹತ್ತಿರದ ಬೀರಪ್ಪನ ಗುಡಿಗೆ ಹೋದರು.

ಬನಶಂಕರಿಯ ಒಕ್ಕಲಾದ ಅವನಿಗೆ ಆ ದೇವರನ್ನು ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ. ರಂಗವ್ವ ಕೊಟ್ಟ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಕೈ ಮುಗಿದು, ತಿಳಿದ ಹಾಗೆ ಬೇಡಿಕೊಂಡ:

"ತಂದೆ ಬೀರಪ್ಪ, ತಾಯಿ ಬನಶಂಕರಿ, ನನ್ನ ಗೆಳೆಯ ನಿಮ್ಮ ಬಳಿಗೆ ಬಂದಿದ್ದಾನೆ. ಬದುಕಿದ್ದಾಗ ಅವನ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚು ಅವನ ದಾರಿಗೆ ಅಡ್ಡ ಬಾರದಿರಲಿ. ಅದರ ಶಿಕ್ಷೆ ನನಗಿರಲಿ. ಹಿಂಡಿನಲ್ಲಿ ನಿನ್ನ ಪಾಲಿನ ಕುರಿಯನ್ನು ಯಾರೂ ಎಣಿಸುವುದಿಲ್ಲ, ಯಾರೂ ಮಾರುವುದಿಲ್ಲ. ಅವನನ್ನು ಹಾಗೆ ಇಟ್ಟುಕೋ. ಅವನ ಹಣೆಯ ಬೊಟ್ಟು ಅಳಿಯದಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು."